ಹತ್ತು ತೂತಿನ ಬ್ಲೂಸ್

ಬ್ಲೂಸ್ ನುಡಿಸುವ ಹಾರ್ಮೋನಿಕಾಕ್ಕೆ ಇರುವುದು ಹತ್ತೇ ತೂತು. ಎರಡು ಅಂಗೈಗಳ ನಡುವೆ ಪೂರ್ತಿ ಮುಚ್ಚಿಹೋಗುವಷ್ಟು ಚಿಕ್ಕ ವಾದ್ಯ ಅದು. ಕರ್ನಾಟಕದ ಊರುಗಳ ವಾದ್ಯದಂಗಡಿಗಳಲ್ಲಿ ಮೌತ್ ಆರ್ಗನ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಬೇರೆ ಜಾತಿಯದು: ಎರಡು ಸಾಲು ತೂತುಗಳ, ಉದ್ದನೆಯ ಟ್ರೆಮೊಲೊ. ಅದರಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡುಗಳು, ಅಂದರೆ ಗಾಳಿಗೆ ಅಲುಗುವ ಲೋಹದ ಪಟ್ಟಿಗಳು. ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ ಶ್ರುತಿ ಮಾಡಿರುವುದರಿಂದ ನಾದ ಅಲೆಅಲೆಯಾಗಿ ಕಂಪಿಸುತ್ತದೆ. ಹಳೆಯ ಚಿತ್ರಗೀತೆಗಳಿಗೆ ಅದು ಸೊಗಸು. ಬ್ಲೂಸಿಗೆ ಮಾತ್ರ ಒಗ್ಗದು, ಏಕೆಂದರೆ ಟ್ರೆಮೊಲೊದ ಪ್ರತಿ ಕೋಣೆಯಲ್ಲೂ ಒಂದೊಂದೇ ರೀಡ್. ಬ್ಲೂಸಿನ ಜೀವಾಳವಾದ ಬೆಂಡ್, ಅಂದರೆ ಸ್ವರವನ್ನು ಕೆಳಕ್ಕೆ ಬಗ್ಗಿಸುವುದು, ಹುಟ್ಟುವುದು ಒಂದೇ ಕೋಣೆಯಲ್ಲಿರುವ ಎರಡು ರೀಡುಗಳ ಸೆಣಸಾಟದಿಂದ. ಪಕ್ಕದಲ್ಲಿ ಗುಂಡಿಯಿರುವ ಕ್ರೊಮ್ಯಾಟಿಕ್ ಮೂರನೆಯ ಜಾತಿ; ಅದು ಹೊಸಬರ ವಾದ್ಯವಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದದ್ದು ‘ಹತ್ತು ತೂತಿನ ಡಯಾಟೋನಿಕ್, ಸಿ ಸ್ಕೇಲ್’ ಎಂದು. ಒಳಗಿನ ಬಾಚಣಿಗೆಯಂಥ ಭಾಗ ಮರದ್ದಾದರೆ ಎಂಜಲಿಗೆ ಉಬ್ಬಿಕೊಳ್ಳಬಹುದು. ಕಲಿಯುವವರಿಗೆ ಪ್ಲಾಸ್ಟಿಕ್ಕಿನದೇ ವಾಸಿ.

ಈ ವಾದ್ಯ ಬ್ಲೂಸಿಗಾಗಿ ಹುಟ್ಟಿದ್ದಲ್ಲ. ಜರ್ಮನಿಯ ಟ್ರೊಸಿಂಗೆನ್ ಎಂಬ ಸಣ್ಣ ಊರಿನಲ್ಲಿ ಗಡಿಯಾರ ಮಾಡುತ್ತಿದ್ದ ಮಥಿಯಾಸ್ ಹೋನರ್ 1857ರಲ್ಲಿ ಹಾರ್ಮೋನಿಕಾ ತಯಾರಿಕೆಗೆ ಕೈಹಾಕಿದ. ಅವನ ಕಂಪನಿ 1896ರಲ್ಲಿ ಹೊರತಂದ ‘ಮರೀನ್ ಬ್ಯಾಂಡ್’ ಇವತ್ತಿಗೂ ಮಾರಾಟವಾಗುತ್ತಿದೆ. ಜರ್ಮನ್ ಹಳ್ಳಿಯ ಹಾಡು, ಕುಣಿತದ ಮಟ್ಟುಗಳು ಸಲೀಸಾಗಿ ಬರಲೆಂದೇ ಅದರ ಸ್ವರಗಳನ್ನು ಜೋಡಿಸಲಾಗಿತ್ತು. ಸಿ ಸ್ಕೇಲಿನದರಲ್ಲಿ ಎಲ್ಲಿ ಊದಿದರೂ ಬರುವುದು ಸಿ, ಇ, ಜಿ ಎಂಬ ಮೂರೇ ಸ್ವರ, ಸರದಿಯ ಪ್ರಕಾರ. ಎಳೆದರೆ, ಅಂದರೆ ಉಸಿರನ್ನು ಒಳಕ್ಕೆ ತೆಗೆದುಕೊಂಡರೆ, ಎಡದಿಂದ ಕ್ರಮವಾಗಿ ಡಿ, ಜಿ, ಬಿ, ಡಿ, ಎಫ್, ಎ, ಬಿ, ಡಿ, ಎಫ್, ಎ. ನಾಲ್ಕರಿಂದ ಏಳನೆಯ ತೂತಿನವರೆಗೆ ಏಳೂ ಸ್ವರಗಳ ಪೂರ್ಣ ಸಪ್ತಕ ಸಿಗುತ್ತದೆ. ಕೆಳಗಿನ ಮೂರು ತೂತುಗಳಲ್ಲಿ ಎಫ್ ಮತ್ತು ಎ ಇಲ್ಲವೇ ಇಲ್ಲ. ಅಲ್ಲಿ ರಾಗಕ್ಕಿಂತ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲಿಗೆ, ಹೆಚ್ಚು ಬೆಲೆ ಕೊಡಲಾಗಿದೆ.

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಕೈಗೆ ಈ ಅಗ್ಗದ ವಾದ್ಯ ಸಿಕ್ಕಾಗ ಅವರು ಅದನ್ನು ತಯಾರಕರು ಊಹಿಸದ ರೀತಿಯಲ್ಲಿ ನುಡಿಸತೊಡಗಿದರು. ಸಿ ಸ್ಕೇಲಿನ ವಾದ್ಯದಲ್ಲಿ ಸಿ ಅನ್ನು ಆಧಾರವಾಗಿ ಇಟ್ಟುಕೊಳ್ಳದೆ, ಜಿ ಅನ್ನು ಆಧಾರ ಮಾಡಿಕೊಂಡರು. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಹೊಸದಲ್ಲ: ಶಂಕರಾಭರಣದ ಪಂಚಮವನ್ನೇ ಷಡ್ಜ ಎಂದುಕೊಂಡು ಗ್ರಹಭೇದ ಮಾಡಿದರೆ ಸಿಗುವುದು ಹರಿಕಾಂಭೋಜಿಯ ಸ್ವರಗಳು. ಹಿಂದುಸ್ತಾನಿಯವರು ಇದನ್ನೇ ಖಮಾಜ್ ಥಾಟ್ ಅನ್ನುತ್ತಾರೆ. ನಿಷಾದ ಅರ್ಧ ಸ್ವರ ಕೆಳಗಿಳಿದು ಕೈಶಿಕಿಯಾಗುವುದೇ ಇಲ್ಲಿನ ವ್ಯತ್ಯಾಸ, ಬ್ಲೂಸಿಗೆ ಬೇಕಾದ ಮೊದಲ ಬಣ್ಣವೂ ಅದೇ. ಹಾರ್ಮೋನಿಕಾದವರು ಇದಕ್ಕೆ ‘ಸೆಕೆಂಡ್ ಪೊಸಿಷನ್’ ಅಥವಾ ‘ಕ್ರಾಸ್ ಹಾರ್ಪ್’ ಎನ್ನುತ್ತಾರೆ. ಹೀಗೆ ಆಧಾರ ಬದಲಾದೊಡನೆ ಉಸಿರೂ ಅದಲುಬದಲಾಗುತ್ತದೆ. ಷಡ್ಜದ ಕಾರ್ಡ್ ಈಗ ಊದಿದರೆ ಬರುವುದಿಲ್ಲ, ಎಳೆದರೆ ಬರುತ್ತದೆ. ಮತ್ತು ಮೊದಲ ಆರು ತೂತುಗಳಲ್ಲಿ ಎಳೆಯುವ ಸ್ವರಗಳನ್ನೇ ಕೆಳಕ್ಕೆ ಬಗ್ಗಿಸಬಹುದು. ಬ್ಲೂಸ್ ಹಾರ್ಮೋನಿಕಾದ ನರಳಿಕೆ, ಗೊಣಗಾಟ, ಬಿಕ್ಕು ಎಲ್ಲವೂ ಒಳಗೆಳೆದ ಉಸಿರಿನದು.

ಇಲ್ಲಿಯೇ ಹೊಸಬರು ಅವಸರಕ್ಕೆ ಬೀಳುತ್ತಾರೆ. ಹಾರ್ಮೋನಿಕಾ ವಾದಕ ಲಿಟ್ಲ್ ವಾಲ್ಟರನ 1952ರ ‘ಜೂಕ್’ ಕೇಳಿದವರಿಗೆ ಮೊದಲ ವಾರವೇ ಬೆಂಡ್ ಕಲಿಯುವ ಆಸೆ. ಇಂಟರ್ನೆಟ್ಟಿನ ಪಾಠಗಳೂ ಅದನ್ನೇ ಮುಂದಿಡುತ್ತವೆ. ಆದರೆ ಲಿಟ್ಲ್ ವಾಲ್ಟರನ ಹಿಂದೆ ಒಂದು ಪಕ್ಕಾ ತಾಳದ ತಂಡವಿತ್ತು. ಮನೆಯಲ್ಲಿ ಒಬ್ಬರೇ ಕುಳಿತು ಕಲಿಯುವವರಿಗೆ ತಾಳ ಕೊಡುವವರು ಯಾರೂ ಇಲ್ಲ. ತಾಳ ನಿಲ್ಲದ ಬ್ಲೂಸಿನಲ್ಲಿ ಎಷ್ಟು ಚಂದದ ಬೆಂಡ್ ಬಂದರೂ ಅದು ಬರೀ ಸದ್ದು. ಮನೆಕಲಿಕೆಗೆ ಒಳ್ಳೆಯ ಮಾದರಿಗಳು ಬೇರೆಯೇ ಇವೆ. 1927ರಲ್ಲಿ ‘ಪ್ಯಾನ್ ಅಮೆರಿಕನ್ ಬ್ಲೂಸ್’ ಧ್ವನಿಮುದ್ರಿಸಿದ ಡಿಫೋರ್ಡ್ ಬೇಲಿ ಒಂದೇ ಹಾರ್ಮೋನಿಕಾದಲ್ಲಿ ರೈಲಿನ ಓಟವನ್ನೂ ಸಿಳ್ಳೆಯನ್ನೂ ಕೇಳಿಸುತ್ತಾನೆ. ಹಾರ್ಮೋನಿಕಾದ ಸನ್ನಿ ಟೆರ್ರಿ ಮತ್ತು ಗಿಟಾರ್ ವಾದಕ ಬ್ರೌನಿ ಮೆಗೀ ಇಬ್ಬರೇ, ಡ್ರಮ್ಮಿನ ಹಂಗಿಲ್ಲದೆ, ದಶಕಗಳ ಕಾಲ ಜೊತೆಯಾಗಿ ನುಡಿಸಿದರು. ಜಿಮ್ಮಿ ರೀಡ್ ಕುತ್ತಿಗೆಯ ರ‍್ಯಾಕಿನಲ್ಲಿ ಹಾರ್ಮೋನಿಕಾ ಸಿಕ್ಕಿಸಿಕೊಂಡು, ಗಿಟಾರ್ ಮೀಟುತ್ತಾ, ಹಾಡುತ್ತಿದ್ದ. 1950ರ ದಶಕದಲ್ಲಿ ಷಿಕಾಗೋದ ವೀ-ಜೇ ಕಂಪನಿಗೆ ಅವನು ಮಾಡಿದ ರೆಕಾರ್ಡುಗಳಲ್ಲಿ ಕೈಚಳಕ ಕಡಿಮೆ, ಲಯದ ಸುಖ ಹೆಚ್ಚು. ಕಲಿಯುವವರು ಮೊದಲು ಕೇಳಬೇಕಾದದ್ದು ಈ ಮೂವರು ಹಾರ್ಮೋನಿಕಾ ವಾದಕರನ್ನು.

ಬ್ಲೂಸಿನ ತಾಳದ ಚೌಕಟ್ಟು ಹನ್ನೆರಡು ಆವರ್ತಗಳದು. ಪ್ರತಿ ಆವರ್ತಕ್ಕೆ ನಾಲ್ಕು ಎಣಿಕೆ, ಒಟ್ಟು 48. ಮೊದಲ ನಾಲ್ಕು ಆವರ್ತ ಷಡ್ಜದ ಕಾರ್ಡ್. ಐದು ಮತ್ತು ಆರು ಮಧ್ಯಮದ ಕಾರ್ಡ್. ಏಳು, ಎಂಟು ಮತ್ತೆ ಷಡ್ಜ. ಒಂಬತ್ತರಲ್ಲಿ ಪಂಚಮ, ಹತ್ತರಲ್ಲಿ ಮಧ್ಯಮ, ಹನ್ನೊಂದರಲ್ಲಿ ಷಡ್ಜ. ಹನ್ನೆರಡರಲ್ಲಿ ಪಂಚಮಕ್ಕೆ ಬಂದು ಮತ್ತೆ ಮೊದಲಿಗೆ ತಿರುಗುತ್ತದೆ. ಜಿ ಆಧಾರವಾದರೆ ಈ ಮೂರು ಕಾರ್ಡುಗಳು ಜಿ, ಸಿ, ಡಿ. ಸಾಹಿತ್ಯವೂ ಇದಕ್ಕೆ ಹೊಂದಿಕೊಂಡೇ ಬರುತ್ತದೆ: ನಾಲ್ಕು ಆವರ್ತಕ್ಕೊಂದು ಸಾಲು, ಎರಡನೆಯ ನಾಲ್ಕಕ್ಕೆ ಅದೇ ಸಾಲು ಮತ್ತೊಮ್ಮೆ, ಕೊನೆಯ ನಾಲ್ಕಕ್ಕೆ ಅದಕ್ಕೊಂದು ಉತ್ತರ. ಪ್ರತಿ ಸಾಲಿನ ಮಾತು ಸುಮಾರು ಎರಡು ಆವರ್ತಗಳಲ್ಲಿ ಮುಗಿಯುತ್ತದೆ. ಉಳಿದ ಜಾಗ ವಾದ್ಯದ್ದು. ಹಾಡುಗಾರ ಹೇಳಿದ್ದಕ್ಕೆ ಹಾರ್ಮೋನಿಕಾ ಜವಾಬು ಕೊಡುವುದು ಆ ಎರಡು ಆವರ್ತಗಳಲ್ಲಿ.

ಎಣಿಕೆಯ ಒಳಗಿನ ನಡೆ ಇನ್ನೂ ಮುಖ್ಯ. ಷಫಲ್ ಎಂಬ ಬ್ಲೂಸಿನ ಸಾಮಾನ್ಯ ನಡೆಯಲ್ಲಿ ಪ್ರತಿ ಎಣಿಕೆ ಮೂರು ಪಾಲಾಗುತ್ತದೆ, ಅಂದರೆ ತಿಶ್ರ. ‘ತಕಿಟ’ ಎಂದು ಹೇಳಿಕೊಂಡು ನಡುವಿನ ‘ಕಿ’ಯನ್ನು ನುಂಗಿದರೆ ಉಳಿಯುವ ‘ತ–ಟ, ತ–ಟ, ತ–ಟ, ತ–ಟ’ ಎಂಬ ಕುಂಟು ನಡಿಗೆಯೇ ಷಫಲ್. ಕೊನ್ನಕೋಲಿನ ಪರಿಚಯ ಇರುವವರಿಗೆ ಇದು ಹತ್ತು ನಿಮಿಷದ ಕೆಲಸ. ಅವರಿಗೆ ತೊಡಕಾಗುವುದು ಬೇರೆ ಕಡೆ. ಸಮದ ಮೇಲೆ ಒತ್ತು ಬೀಳುವುದಕ್ಕೆ ಒಗ್ಗಿದ ಕಿವಿಗೆ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಒತ್ತು ಹಾಕುವ ಬ್ಲೂಸ್ ಉಲ್ಟಾ ಅನ್ನಿಸುತ್ತದೆ. ಮೆಟ್ರೊನೋಮನ್ನು ನಿಮಿಷಕ್ಕೆ 70ರ ಆಸುಪಾಸು ಇಟ್ಟುಕೊಂಡು, ನಾಲ್ಕೂ ಎಣಿಕೆಗೆ ಕಾಲು ತಟ್ಟಿ, ಎರಡು ಮತ್ತು ನಾಲ್ಕಕ್ಕೆ ಮಾತ್ರ ಚಪ್ಪಾಳೆ ಹೊಡೆದು ಹನ್ನೆರಡು ಆವರ್ತ ಮುಗಿಸುವುದು ಮೊದಲ ಪಾಠ. ವಾದ್ಯ ಇನ್ನೂ ಪೆಟ್ಟಿಗೆಯಲ್ಲೇ ಇರಲಿ. ಬ್ಲೂಸ್ ಗಾಯಕ ಜಾನ್ ಲೀ ಹೂಕರನ ಆರಂಭದ ರೆಕಾರ್ಡುಗಳಲ್ಲಿ ಗಿಟಾರ್ ಬಿಟ್ಟರೆ ಕೇಳುವ ತಾಳವಾದ್ಯ ಅವನ ಶೂ ಒಂದೇ. ಹಲಗೆಯ ಮೇಲೆ ಕಾಲು ತಟ್ಟಿದರೆ ಮನೆಯಲ್ಲೂ ಅಷ್ಟು ಸದ್ದು ಬರುತ್ತದೆ. ಮೊಬೈಲಿನ ಡ್ರಮ್ ಆ್ಯಪ್ ಬೇಕಿದ್ದರೆ ಬಳಸಬಹುದು, ಆದರೆ ಅತಿ ಸರಳವಾದ ಷಫಲ್ ಒಂದನ್ನು ಆರಿಸಿಕೊಂಡು ಅದರಲ್ಲೇ ನಿಲ್ಲಬೇಕು. ಅಲಂಕಾರ ಹೆಚ್ಚಾದಷ್ಟೂ ಕಲಿಯುವವರ ಕಾಲು ನಿಂತುಹೋಗುತ್ತದೆ.

ಒಬ್ಬರೇ ಕಲಿಯುವವರು ಗಿಟಾರನ್ನೂ ತಾವೇ ಹಿಡಿಯಬೇಕು; ಅದರ ಪಾತ್ರ ಈ ತಾಳಕ್ಕೆ ಸ್ವರ ತುಂಬುವುದು. ಅದಕ್ಕೆ ಹೆಚ್ಚು ಕಾರ್ಡುಗಳ ಜ್ಞಾನ ಬೇಡ. ಗಿಟಾರಿನಲ್ಲಿ ಬ್ಲೂಸ್ ಅತ್ಯಂತ ಸಲೀಸಾಗಿ ಕೂರುವುದು ಇ ಸ್ಕೇಲಿನಲ್ಲಿ: ಇ, ಎ, ಬಿ-ಸೆವೆನ್. ಆರನೆಯ ತಂತಿಯನ್ನು ಖಾಲಿ ಬಿಟ್ಟು, ಐದನೆಯ ತಂತಿಯ ಎರಡನೆಯ ಫ್ರೆಟ್ ಒತ್ತಿ ಎರಡನ್ನೂ ಒಟ್ಟಿಗೆ ‘ತ–ಟ’ ಎಂದು ಮೀಟುವುದು. ಮುಂದಿನ ‘ತ–ಟ’ಕ್ಕೆ ಅದೇ ಐದನೆಯ ತಂತಿಯ ನಾಲ್ಕನೆಯ ಫ್ರೆಟ್. ಹೀಗೆ ಪಂಚಮ, ಧೈವತಗಳ ನಡುವೆ ತೂಗಾಡುವುದೇ ಜಿಮ್ಮಿ ರೀಡ್ ಮಾದರಿಯ ಗಿಟಾರಿನ ಬೆನ್ನೆಲುಬು. ಮಧ್ಯಮದ ಕಾರ್ಡಿಗೆ ಹೋಗುವಾಗ ಇಡೀ ಆಕೃತಿ ಒಂದು ತಂತಿ ಕೆಳಗಿಳಿಯುತ್ತದೆ: ಐದನೆಯದು ಖಾಲಿ, ನಾಲ್ಕನೆಯದರಲ್ಲಿ ಎರಡು ಮತ್ತು ನಾಲ್ಕನೆಯ ಫ್ರೆಟ್. ಬಿ-ಸೆವೆನ್ ಬಂದಾಗ ಸಾಮಾನ್ಯ ಕಾರ್ಡನ್ನೇ ಹಿಡಿದು ಮೀಟಿದರೆ ಸಾಕು.

ಆದರೆ ಕೈಯಲ್ಲಿರುವ ಸಿ ಹಾರ್ಮೋನಿಕಾ ಬ್ಲೂಸ್ ನುಡಿಸುವುದು ಜಿ ಆಧಾರದಲ್ಲಿ. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಯಾಪೋವನ್ನು ಮೂರನೆಯ ಫ್ರೆಟ್ಟಿಗೆ ಹಾಕಿದರೆ ಈ ಸಮಸ್ಯೆ ಮುಗಿಯಿತು. ಬೆರಳುಗಳ ಆಕೃತಿ ಇ, ಎ, ಬಿ-ಸೆವೆನ್‌ನದೇ, ಕೇಳುವುದು ಮಾತ್ರ ಜಿ, ಸಿ, ಡಿ-ಸೆವೆನ್. ಶ್ರುತಿ ಸೇರಿಸುವಾಗ ಗಿಟಾರನ್ನು ಹಾರ್ಮೋನಿಕಾಕ್ಕೆ ಹೊಂದಿಸಬೇಕು. ತಂತಿಯನ್ನು ತಿರುಪಬಹುದು, ರೀಡನ್ನು ಹಾಗೆ ತಿರುಪಲಾಗದು. ಅಲ್ಲದೆ ಬಹಳಷ್ಟು ಹಾರ್ಮೋನಿಕಾಗಳು ಕಾರ್ಖಾನೆಯಿಂದಲೇ ಟ್ಯೂನರ್ ತೋರಿಸುವುದಕ್ಕಿಂತ ತುಸು ಮೇಲಿನ ಶ್ರುತಿಯಲ್ಲಿ ಬರುತ್ತವೆ. ಕ್ಯಾಪೋ ಹಾಕುವ ಮುನ್ನ ಗಿಟಾರಿನ ಎರಡನೆಯ ತಂತಿಯ ಮೊದಲ ಫ್ರೆಟ್ಟನ್ನು ಹಾರ್ಮೋನಿಕಾದ ಒಂದನೆಯ ತೂತಿನ ಊದಿದ ಸ್ವರಕ್ಕೂ, ಮೊದಲನೆಯ ತಂತಿಯ ಮೂರನೆಯ ಫ್ರೆಟ್ಟನ್ನು ಮೂರನೆಯ ತೂತಿನ ಊದಿದ ಸ್ವರಕ್ಕೂ ಹೋಲಿಸಿದರೆ ಸಾಕು. ಎರಡೂ ಅದೇ ಸ್ಥಾಯಿಯ ಅದೇ ಸ್ವರಗಳು. ಆಮೇಲೆ ಕಾಲಿನ ತಾಳವೂ ಕೇಳುವಂತೆ ಈ ಹನ್ನೆರಡು ಆವರ್ತವನ್ನು ಏಳೆಂಟು ಸಲ ಎಡೆಬಿಡದೆ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಸಿದ್ಧ ಬ್ಯಾಕಿಂಗ್ ಟ್ರ್ಯಾಕುಗಳಿಗಿಂತ ಇದು ಲೇಸು: ಎಲ್ಲಿ ಓಡಿದೆ, ಎಲ್ಲಿ ಎಡವಿದೆ ಎಂಬುದು ಅದರ ಮೇಲೆ ಹಾರ್ಮೋನಿಕಾ ನುಡಿಸಹೊರಟಾಗ ತಾನಾಗಿ ಬಯಲಾಗುತ್ತದೆ.

ಈಗ ಹಾರ್ಮೋನಿಕಾ. ಮೊದಲ ಹಂತದಲ್ಲಿ ಬಿಡಿ ಸ್ವರಗಳ ಗೊಡವೆಯೇ ಬೇಡ. ವಾದ್ಯವನ್ನು ತುಟಿಗಳ ತುದಿಯಲ್ಲಿ ಹಿಡಿಯದೆ ಬಾಯೊಳಕ್ಕೆ ಚೆನ್ನಾಗಿ ಸೇರಿಸಿ, ಒಂದರಿಂದ ನಾಲ್ಕರವರೆಗಿನ ತೂತುಗಳನ್ನು ಒಟ್ಟಿಗೆ ಎಳೆದರೆ ಜಿ ಕಾರ್ಡ್. ಅವನ್ನೇ ಊದಿದರೆ ಸಿ ಕಾರ್ಡ್. ಡಿಗೆ ಪೂರ್ತಿ ಕಾರ್ಡ್ ಸಿಗದು. ಒಂದನೆಯ ತೂತನ್ನು ಒಂಟಿಯಾಗಿ ಎಳೆದರೆ ಡಿ ಸ್ವರ ಬರುತ್ತದೆ, ಅಷ್ಟು ಸಾಕು. ಇಷ್ಟರಲ್ಲಿ ಹನ್ನೆರಡು ಆವರ್ತ ಪೂರ್ತಿಯಾಗುತ್ತದೆ. ರೈಲಿನ ಸದ್ದಿನ ಅಭ್ಯಾಸವೂ ಇಲ್ಲಿಯದೇ: ಎಳೆ-ಎಳೆ-ಊದು-ಊದು, ಮೊದಲು ನಿಧಾನ, ಆಮೇಲೆ ವೇಗ. ಉಸಿರು ಎದೆಯ ಮೇಲ್ಭಾಗದಿಂದ ಬರಬಾರದು, ಹೊಟ್ಟೆಯಿಂದ ಬರಬೇಕು. ಮೂಗಿನಿಂದ ಗಾಳಿ ಸೋರಿದರೆ ಸದ್ದು ಬಡಕಲಾಗುತ್ತದೆ. ಮೂಗನ್ನು ಬೆರಳಲ್ಲಿ ಹಿಡಿದು ನುಡಿಸಿದಾಗ ನಾದ ತುಂಬಿಕೊಂಡರೆ ಸೋರಿಕೆ ಇತ್ತೆಂದೇ ಅರ್ಥ.

ಉಸಿರಿನ ಲೆಕ್ಕ ಇಲ್ಲಿ ವಿಚಿತ್ರ. ಕೊಳಲಿನವರಿಗೆ ಗಾಳಿ ಸಾಲದ ಚಿಂತೆಯಾದರೆ, ಬ್ಲೂಸ್ ಹಾರ್ಮೋನಿಕಾದವರಿಗೆ ಗಾಳಿ ಹೆಚ್ಚಾಗುವ ಚಿಂತೆ. ಹನ್ನೆರಡು ಆವರ್ತಗಳಲ್ಲಿ ಒಂಬತ್ತು ಎಳೆಯುವಂಥವು. ಊದುವುದು ಐದು, ಆರು ಮತ್ತು ಹತ್ತನೆಯವು ಮಾತ್ರ. ಮೂರನೆಯ ಆವರ್ತಕ್ಕೆ ಬರುವಷ್ಟರಲ್ಲಿ ಹೊಸಬರ ಎದೆ ಉಬ್ಬಿ, ತಲೆ ಗಿರ್ರೆನ್ನುತ್ತದೆ. ಉಪಾಯ ಎರಡು: ನುಡಿಯ ನಡುವೆ ಸಿಗುವ ಸಣ್ಣ ಬಿಡುವಿನಲ್ಲಿ ಗಾಳಿಯನ್ನು ಥಟ್ಟನೆ ಹೊರಹಾಕುವುದು, ಮತ್ತು ಮೊದಲಿಂದಲೂ ಮೆಲ್ಲಗೆ ಎಳೆಯುವುದು. ರೀಡ್ ಅಲುಗಲು ಸಾಮಾನ್ಯ ಉಸಿರಾಟದಷ್ಟೇ ಗಾಳಿ ಸಾಕು. ತಲೆ ಸುತ್ತಿದರೆ ವಾದ್ಯ ಕೆಳಗಿಟ್ಟು ಸುಮ್ಮನೆ ಕೂರಬೇಕು, ಪೌರುಷ ತೋರಿಸುವ ಜಾಗ ಅದಲ್ಲ.

ಕಾರ್ಡುಗಳು ತಾಳಕ್ಕೆ ಕೂತ ಮೇಲೆ ಬಿಡಿ ಸ್ವರ. ತುಟಿಗಳನ್ನು ‘ಊ’ ಎನ್ನುವಂತೆ ಮಾಡಿ ಒಂದೇ ತೂತಿಗೆ ಗಾಳಿ ಬಿಡುವುದು ಒಂದು ವಿಧಾನ. ಬಾಯಗಲಿಸಿ ಮೂರ್ನಾಲ್ಕು ತೂತು ಹಿಡಿದು, ಬೇಡದ್ದನ್ನು ನಾಲಿಗೆಯಿಂದ ಮುಚ್ಚುವುದು ಇನ್ನೊಂದು. ಷಿಕಾಗೋ ಶೈಲಿಯ ದೊಡ್ಡ ವಾದಕರ ನಾದ ಬಹುಪಾಲು ನಾಲಿಗೆಯ ವಿಧಾನದ್ದು, ಏಕೆಂದರೆ ನಾಲಿಗೆ ಎತ್ತಿದೊಡನೆ ಕಾರ್ಡ್ ಬಡಿಯುತ್ತದೆ, ಸ್ವರದ ಜೊತೆಗೇ ತಾಳ ಸಿಗುತ್ತದೆ. ಆದರೂ ಶುರುವಿಗೆ ತುಟಿಯ ವಿಧಾನ ಸುಲಭ. ಇಲ್ಲಿ ಎಲ್ಲರನ್ನೂ ಕಾಡುವುದು ಎರಡನೆಯ ತೂತು. ಎಳೆದರೆ ಸ್ವರವೇ ಹೊರಡುವುದಿಲ್ಲ, ಹೊರಟರೂ ಕುಗ್ಗಿದ, ಅಪಸ್ವರದ ಸದ್ದು. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸಲು ಹೋದವರೂ ಇದ್ದಾರು. ಕೆಟ್ಟಿರುವುದಿಲ್ಲ. ಬಿಗಿಯಾದ ಬಾಯಿಯೊಳಗೆ ಆ ಸ್ವರ ತಿಳಿಯದೆಯೇ ಬೆಂಡ್ ಆಗುತ್ತಿರುತ್ತದೆ, ಅಷ್ಟೇ. ಮೂರನೆಯ ತೂತನ್ನು ಊದಿದರೂ ಅದೇ ಜಿ ಸ್ವರ ಬರುವುದರಿಂದ ಪರೀಕ್ಷೆ ಸುಲಭ: ದವಡೆ ಸಡಿಲಿಸಿ, ಆಕಳಿಸುವಂತೆ ಗಂಟಲು ತೆರೆದು, ಎರಡೂ ಒಂದೇ ಎನ್ನಿಸುವವರೆಗೆ ಎರಡನೆಯದನ್ನು ಎಳೆಯುವುದು. ಈ ಸ್ವರವೇ ಷಡ್ಜ. ಇದು ನಿಲ್ಲದೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

ಬೆಂಡ್ ಇಲ್ಲದೆಯೂ ಕೈಯಲ್ಲಿ ಸಾಕಷ್ಟು ಬಂಡವಾಳವಿದೆ: ಎರಡು ಎಳೆ, ಮೂರು ಎಳೆ, ನಾಲ್ಕು ಊದು, ನಾಲ್ಕು ಎಳೆ, ಐದು ಎಳೆ, ಆರು ಊದು. ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ಮೇಲಿನ ಷಡ್ಜ. ರೆಕಾರ್ಡ್ ಮಾಡಿಟ್ಟ ಗಿಟಾರಿನ ಮೇಲೆ ಈ ಆರು ಸ್ವರಗಳಲ್ಲಿ ಮೂರ್ನಾಲ್ಕನ್ನು ಸೇರಿಸಿ ಒಂದು ಪುಟ್ಟ ನುಡಿ ಕಟ್ಟಿ, ಎರಡು ಆವರ್ತ ಗಿಟಾರಿಗೆ ಬಿಟ್ಟು, ಎರಡು ಆವರ್ತ ನುಡಿಸುವುದು ಅಭ್ಯಾಸದ ತಿರುಳು. ಬಿಟ್ಟ ಜಾಗದಲ್ಲಿ ಸುಮ್ಮನಿರುವುದೇ ಹೆಚ್ಚು ಕಷ್ಟ. ಒಂದೇ ನುಡಿಯನ್ನು ಮೂರೂ ಸಾಲಿಗೆ ತುಸು ತುಸು ಬದಲಿಸಿ ನುಡಿಸಿದರೂ ಅದು ಬ್ಲೂಸ್ ಆಗುತ್ತದೆ. ಹನ್ನೆರಡು ಆವರ್ತಕ್ಕೆ ಹನ್ನೆರಡು ಹೊಸ ನುಡಿ ಹುಡುಕುವವರದು ಆಗುವುದಿಲ್ಲ.

ಇನ್ನು ಬೆಂಡ್. ಒಂದರಿಂದ ಆರನೆಯ ತೂತಿನವರೆಗೆ ಎಳೆಯುವ ಸ್ವರ ಊದುವ ಸ್ವರಕ್ಕಿಂತ ಮೇಲಿನದು. ಎಳೆಯುವಾಗ ನಾಲಿಗೆಯ ಹಿಂಭಾಗವನ್ನು ಹಿಂದಕ್ಕೆ, ಕೆಳಕ್ಕೆ ಸರಿಸಿ ಬಾಯಿಯ ಒಳಜಾಗವನ್ನು ಹಿಗ್ಗಿಸಿದರೆ ಮೇಲಿನ ರೀಡಿನ ಸ್ವರ ಕುಸಿಯುತ್ತದೆ. ಅದೇ ಕೋಣೆಯ ಇನ್ನೊಂದು ರೀಡ್ ಅಲುಗಲು ಶುರುವಾಗಿ ಆ ಕುಸಿತವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಎರಡು ರೀಡುಗಳ ನಡುವೆ ಎಷ್ಟು ಅಂತರವಿದೆಯೋ ಅದಕ್ಕಿಂತ ಅರ್ಧ ಸ್ವರ ಕಡಿಮೆಯಷ್ಟು ಮಾತ್ರ ಬಗ್ಗಿಸಬಹುದು. ಹಾಗಾಗಿ ಒಂದು, ನಾಲ್ಕು ಮತ್ತು ಆರನೆಯ ತೂತಿನಲ್ಲಿ ಅರ್ಧ ಸ್ವರ, ಎರಡರಲ್ಲಿ ಎರಡು ಅರ್ಧ, ಮೂರರಲ್ಲಿ ಮೂರು ಅರ್ಧ ಸ್ವರಗಳ ಬೆಂಡ್. ಐದರಲ್ಲಿ ಬರೀ ಒಂದು ಒಲೆತ. ಕೆಳಗಿನ ಸಪ್ತಕದಲ್ಲಿ ಇಲ್ಲದ ಎಫ್ ಎರಡನೆಯ ತೂತಿನಲ್ಲೂ, ಎ ಮೂರನೆಯದರಲ್ಲೂ ಹೀಗೆ ದೊರಕುತ್ತವೆ. ಶುರುಮಾಡಲು ನಾಲ್ಕನೆಯ ತೂತು ಅನುಕೂಲ: ಎಳೆಯುತ್ತಲೇ ಬಾಯಿಯ ಆಕಾರವನ್ನು ‘ಈ’ ಇಂದ ‘ಊ’ಗೆ ತರುವುದು. ಉಸಿರನ್ನು ಒಳಗೆಳೆಯುತ್ತಾ ಸಿಳ್ಳೆ ಹಾಕಿ ಅದರ ಸ್ವರ ಇಳಿಸಿ ನೋಡಿದರೆ ನಾಲಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಬಲವಾಗಿ ಎಳೆದರೆ ಬೆಂಡ್ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಲದಿಂದ ಬರುವುದು ರೀಡಿನ ಸವೆತ. ಹಿತ್ತಾಳೆಯ ರೀಡ್ ದಣಿದು ಶ್ರುತಿ ಇಳಿದರೆ ಮನೆಯಲ್ಲಿ ಸರಿಪಡಿಸುವುದು ಹೊಸಬರ ಕೈಲಾಗದ ಕೆಲಸ.

ಮೂರನೆಯ ತೂತಿನ ಬೆಂಡ್ ತಿಂಗಳುಗಳನ್ನು ತಿನ್ನುತ್ತದೆ, ತಿನ್ನಲಿ. ಬ್ಲೂಸಿನ ಗಾಂಧಾರ ಇರುವುದು ಅಲ್ಲಿ. ಅದು ಅಂತರ ಗಾಂಧಾರವೂ ಅಲ್ಲ, ಸಾಧಾರಣ ಗಾಂಧಾರವೂ ಅಲ್ಲ, ಎರಡರ ನಡುವೆ ಅಲೆದಾಡುವ ಒಂದು ಜಾಗ. ಪಿಯಾನೋದಲ್ಲಿ ಅದು ಸಿಗುವುದಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯ ಷಡ್ಜವನ್ನು ಜಿಗೆ ಇಟ್ಟು, ಅದರ ನಾದದ ಮೇಲೆ ಈ ಬೆಂಡನ್ನು ಇಳಿಸಿ ಏರಿಸಿ ಸಾಧನೆ ಮಾಡಿದರೆ ಕಿವಿ ಬೇಗ ಪಳಗುತ್ತದೆ. ಸಾಧಾರಣ ಗಾಂಧಾರವೂ ನಾಲ್ಕನೆಯ ತೂತಿನ ಬೆಂಡೂ ಸೇರಿದರೆ ಬ್ಲೂಸ್ ಸ್ಕೇಲ್ ಪೂರ್ತಿಯಾಗುತ್ತದೆ: ಶುದ್ಧ ಧನ್ಯಾಸಿಯ ಸ್ವರಗಳ ಜೊತೆಗೊಂದು ಪ್ರತಿ ಮಧ್ಯಮ. ಸ್ವರಗಳು ಹೊಂದಿಕೊಂಡವೆಂದು ಶುದ್ಧ ಧನ್ಯಾಸಿಯ ಸಂಚಾರಗಳನ್ನೇ ನುಡಿಸಹೊರಟರೆ ಬ್ಲೂಸ್ ಹತ್ತಿರ ಸುಳಿಯುವುದಿಲ್ಲ. ರಾಗಕ್ಕೆ ಅದರ ನಡೆಯಿದ್ದಂತೆ ಬ್ಲೂಸಿಗೆ ಅದರದೇ ಮಾತಿನ ಧಾಟಿಯಿದೆ, ಅದನ್ನು ರೆಕಾರ್ಡುಗಳಿಂದಲೇ ಕಲಿಯಬೇಕು.

ಕುತ್ತಿಗೆಗೆ ಹಾಕುವ ರ‍್ಯಾಕ್ ಎಲ್ಲಕ್ಕಿಂತ ಕೊನೆಗೆ ಬರಬೇಕಾದದ್ದು. ಅದರಲ್ಲಿ ಅಂಗೈಗಳ ಗೂಡು ತೆರೆದು ಮುಚ್ಚಿ ಮಾಡುವ ‘ವಾವಾ’ ನಾದ ಸಿಗುವುದಿಲ್ಲ, ವಾದ್ಯ ಬಾಯಿಯಿಂದ ಜಾರುತ್ತದೆ, ಬೆಂಡ್ ಕಷ್ಟವಾಗುತ್ತದೆ. ಗಿಟಾರಿನ ಷಫಲ್ ಬೇರೊಬ್ಬರ ಜೊತೆ ಮಾತಾಡುತ್ತಲೂ ತಪ್ಪದೆ ನಡೆಯುವ ಮಟ್ಟಕ್ಕೆ ಬಂದರೆ ರ‍್ಯಾಕ್ ಹಾಕಿಕೊಳ್ಳಬಹುದು. ಆಗಲೂ ಹಾರ್ಮೋನಿಕಾ ಕಾರ್ಡುಗಳಿಂದಲೇ ಶುರುವಾಗಲಿ. ನಿತ್ಯ ಅಭ್ಯಾಸಕ್ಕೆ ಇಪ್ಪತ್ತು ನಿಮಿಷ ಧಾರಾಳ. ಊಟದ ಬಳಿಕ ಬಾಯಿ ಮುಕ್ಕಳಿಸದೆ ನುಡಿಸಬಾರದು, ನುಡಿಸಿಯಾದ ಮೇಲೆ ತೂತುಗಳನ್ನು ಕೆಳಮುಖ ಮಾಡಿ ಅಂಗೈಗೆ ತಟ್ಟಿ ತೇವ ತೆಗೆಯಬೇಕು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬಾರದು. ಒಂದು ಹಾರ್ಮೋನಿಕಾದಲ್ಲಿ ಈ ಬಗೆಯ ಬ್ಲೂಸ್ ಒಂದೇ ಆಧಾರದಲ್ಲಿ ಬರುವುದರಿಂದ, ಬೇರೆ ಗಿಟಾರ್ ವಾದಕರ ಜೊತೆ ಕೂರುವ ಹೊತ್ತಿಗೆ ಇನ್ನೊಂದು ಬೇಕಾಗುತ್ತದೆ. ಎರಡನೆಯದು ಎ ಸ್ಕೇಲಿನದಾಗಿರಲಿ: ಗಿಟಾರಿನವರು ಬ್ಲೂಸ್ ಎಂದೊಡನೆ ಹಿಡಿಯುವುದು ಇ ಕಾರ್ಡನ್ನು, ಅದಕ್ಕೆ ಕ್ರಾಸ್ ಹಾರ್ಪ್ ಆಗಿ ಒದಗುವುದು ಎ ಹಾರ್ಮೋನಿಕಾ.